ಸಂಕ್ರಾಂತಿಯವರೆಗೆ ದಾರಿಯಂಚನ್ನು ಕೆರೆಯಬೇಡಿ: ಒಂದು ಬಹಿರಂಗ ಪತ್ರ

ಮೈಸೂರಿನ ಕೆರೆ ಏರಿ, ಉದ್ಯಾನ, ಬೆಟ್ಟದ ತಪ್ಪಲಿನ ನಡಿಗೆ ದಾರಿಗಳನ್ನು ನೋಡಿಕೊಳ್ಳುವ ಎಲ್ಲ ಅಧಿಕಾರಿಗಳಿಗೆ, ಮತ್ತು ಆ ದಾರಿಗಳಲ್ಲಿ ದಿನಾ ನಡೆಯುವ ನನ್ನಂಥವರಿಗೆ,

ನಮಸ್ಕಾರ.

ಕಳೆದ ಮಳೆಗಾಲದ ಮಾತು. ಗೌರಿ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ನಮ್ಮ ಬಡಾವಣೆಯ ಪಕ್ಕದ ಕೆರೆ ಏರಿಯ ಮೇಲೆ ಒಂದು ಎಕ್ಕದ ಗಿಡ. ಅದರ ಎಲೆಗಳ ಮೇಲೆ ಹನ್ನೊಂದು ಹುಳು ಎಣಿಸಿದ್ದೆ. ಮೈತುಂಬ ಕಪ್ಪು, ಬಿಳಿ, ಹಳದಿ ಪಟ್ಟೆ. ಬೆನ್ನಿನ ಮೇಲೆ ಮೂರು ಜೊತೆ ಕಪ್ಪು ಮೀಸೆ. ಅವುಗಳಲ್ಲಿ ಎರಡು ತಿನ್ನುವುದನ್ನು ಬಿಟ್ಟು ಅತ್ತಿತ್ತ ಜಾಗ ಹುಡುಕುತ್ತಿದ್ದವು. ಕೋಶ ಕಟ್ಟುವ ಹೊತ್ತು ಹತ್ತಿರ ಬಂದಿದೆ ಅಂತ ಗೊತ್ತಾಯಿತು. ಅದನ್ನು ನೋಡಲೇಬೇಕು ಅಂತ ಮಾರನೆಯ ದಿನ ಕಾಲು ಗಂಟೆ ಮುಂಚೆಯೇ ಮನೆ ಬಿಟ್ಟೆ.

ಹೋಗಿ ನೋಡಿದರೆ ಗಿಡವೇ ಇಲ್ಲ. ಏರಿಯ ಎರಡೂ ಬದಿ ಜೆಸಿಬಿ ಹಲ್ಲಿನ ಗುರುತು. ಕೆಂಪು ಮಣ್ಣು ಹಸಿಹಸಿಯಾಗಿ ಬಿದ್ದಿತ್ತು. ತುಂಬೆ, ತಂಗಡಿ, ಉತ್ತರಾಣಿ, ಎಕ್ಕ ಎಲ್ಲ ಒಂದೇ ಗುಡ್ಡೆ. ಕೆಲಸದವರೊಬ್ಬರನ್ನು ಕೇಳಿದೆ. "ಹಬ್ಬ ಬಂತಲ್ವಾ ಮೇಡಂ, ನೀಟಾಗಿ ಕ್ಲೀನ್ ಮಾಡಿ ಅಂದವ್ರೆ" ಅಂದರು. ಅವರದು ತಪ್ಪಿಲ್ಲ. ಹೇಳಿದ ಕೆಲಸ ಮಾಡಿದ್ದಾರೆ. ಹೇಳಿದವರಿಗೂ ಆ ಗಿಡದಲ್ಲಿ ಏನಿತ್ತು ಅಂತ ಗೊತ್ತಿರಲಿಕ್ಕಿಲ್ಲ. ಅದಕ್ಕೇ ಈ ಪತ್ರ.

ನಾನು ವಿಜ್ಞಾನ ಓದಿದವಳಲ್ಲ. ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ನಡೆಯಿರಿ ಅಂದರು. ಮೊದಲ ಕೆಲವು ತಿಂಗಳು ಸುಮ್ನೆ ನಡೆದೆ, ಗಡಿಯಾರ ನೋಡಿಕೊಂಡು. ಆಮೇಲೆ ಒಂದು ದಿನ ಮಳೆ ನಿಂತ ಬೆಳಿಗ್ಗೆ, ಏರಿಯ ಹುಲ್ಲಿನ ನಡುವೆ ನೀಲಿ ಚುಕ್ಕೆಗಳನ್ನು ಕಂಡೆ. ಬಗ್ಗಿ ನೋಡಿದೆ. ಶರ್ಟಿನ ಗುಂಡಿಗಿಂತ ಚಿಕ್ಕ ಹೂ. ಮಧ್ಯಾಹ್ನ ಮತ್ತೆ ಆ ಕಡೆ ಹೋದಾಗ ಎಲ್ಲ ಮುದುಡಿದ್ದವು. ಪಕ್ಕದ ಮನೆಯ ಹುಡುಗಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. "ಆಂಟಿ, ಅದು ವಿಷ್ಣುಕ್ರಾಂತಿ" ಅಂದಳು. ಹೆಸರು ಕೇಳಿದ್ದೆ, ಗಿಡ ನೋಡಿರಲಿಲ್ಲ. ಅಂದಿನಿಂದ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ, ಹಾಲಿನ ಲೆಕ್ಕದ ಪಕ್ಕ, ಆ ದಿನ ಕಂಡದ್ದನ್ನು ಎರಡು ಪದದಲ್ಲಿ ಬರೆದಿಡುತ್ತೇನೆ. ಆರು ವರ್ಷದ ಕ್ಯಾಲೆಂಡರುಗಳು ನನ್ನ ಹತ್ತಿರ ಇವೆ. ಈ ಪತ್ರದಲ್ಲಿರುವ ಬಹಳಷ್ಟು ಸಂಗತಿ ಅಲ್ಲಿಂದಲೇ ಬಂದದ್ದು.

ಎಕ್ಕದ ವಿಷಯಕ್ಕೇ ಮೊದಲು ಬರುತ್ತೇನೆ. ನಮಗೆ ಎಕ್ಕ ಅಂದರೆ ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ, ಆಂಜನೇಯನಿಗೆ ಒಂದು ಹಾರ. ಉಳಿದ ದಿನ ಅದು ಪಾಳು ಜಾಗದ ಗಿಡ. ಹಸು ಮೂಸಿ ನೋಡುವುದಿಲ್ಲ, ಆಡೂ ಬಿಟ್ಟು ಹೋಗುತ್ತದೆ. ಮುರಿದರೆ ಸೋರುವ ಬಿಳಿ ಹಾಲು ವಿಷ. ಆದರೆ ಪ್ಲೇನ್ ಟೈಗರ್ ಅನ್ನುವ ಕಿತ್ತಳೆ ಬಣ್ಣದ ಚಿಟ್ಟೆ ಹುಡುಕಿಕೊಂಡು ಬಂದು ಇದರ ಎಲೆಯಡಿ ಮೊಟ್ಟೆ ಇಡುತ್ತದೆ. ಮರಿಹುಳು ವಿಷದ ಎಲೆಯನ್ನೇ ತಿಂದು ಬೆಳೆಯುತ್ತದೆ. ಆ ವಿಷ ಅದರ ಮೈಯಲ್ಲಿ ಉಳಿದು, ಚಿಟ್ಟೆಯಾದ ಮೇಲೂ ಕಾಯುತ್ತದೆ. ಒಮ್ಮೆ ಬಾಯಿ ಹಾಕಿದ ಹಕ್ಕಿ ಇನ್ನೊಮ್ಮೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು ಬೇಕು. ಕಳೆದ ವರ್ಷ ನಮ್ಮ ಏರಿಯನ್ನು ನಾಲ್ಕು ಸಲ ಕೆರೆದರು ಅಥವಾ ಔಷಧಿ ಹೊಡೆದರು. ನಾಲ್ಕೂ ಜೂನ್‌ನಿಂದ ಅಕ್ಟೋಬರ್ ಒಳಗೆ. ಒಂದು ಸಂಸಾರ ಮುಗಿಯುವಷ್ಟು ಪುರುಸೊತ್ತನ್ನೂ ನಾವು ಕೊಡುತ್ತಿಲ್ಲ.

ಇದಕ್ಕೆ ಸೇರಿದ ಇನ್ನೊಂದು ಕಥೆಯೂ ಇದೆ. ನನಗೆ ತುಂಬ ಇಷ್ಟವಾದದ್ದು. ಡನಾಯಿಡ್ ಎಗ್‌ಫ್ಲೈ ಅಂತ ಬೇರೊಂದು ಜಾತಿಯ ಚಿಟ್ಟೆ ಇದೆ. ಅದರ ಗಂಡು ಕಪ್ಪು, ರೆಕ್ಕೆಯ ಮೇಲೆ ದೊಡ್ಡ ಬಿಳಿ ಬೊಟ್ಟು, ಸುತ್ತ ನೇರಳೆ ಮಿಂಚು. ಹೆಣ್ಣು ಮಾತ್ರ ಥೇಟ್ ಎಕ್ಕದ ಚಿಟ್ಟೆಯ ಹಾಗೆ ಕಿತ್ತಳೆ. ಅದಕ್ಕೆ ವಿಷ ಇಲ್ಲ. ಆ ವೇಷವೇ ಅದರ ರಕ್ಷಣೆ. ಈ ಹೆಣ್ಣು ಮೊಟ್ಟೆ ಇಡುವುದು ಎಲ್ಲಿ ಗೊತ್ತಾ? ಗೋಣಿ ಸೊಪ್ಪಿನ ಮೇಲೆ. ನಾವು ಬೇಳೆ ಜೊತೆ ಬೇಯಿಸಿ ಹುಳಿ ಮಾಡುವ ಅದೇ ಗೋಣಿ ಸೊಪ್ಪು, ನೆಲಕ್ಕೆ ಅಂಟಿಕೊಂಡು ದಪ್ಪ ಎಲೆ ಬಿಡುವುದು.

ಸೊಪ್ಪು ಅಂದಾಗ ನಮ್ಮ ಏರಿಯ ಅಜ್ಜಿಯ ವಿಷಯ ಹೇಳಲೇಬೇಕು. ಅವರ ಹೆಸರು ಬರೆಯುವುದಿಲ್ಲ. ಎಪ್ಪತ್ತು ದಾಟಿರಬೇಕು. ಮಳೆ ಶುರುವಾದ ಮೇಲೆ ವಾರಕ್ಕೆ ಎರಡು ಸಲ ಮಡಿಲು ಕಟ್ಟಿಕೊಂಡು ಬರುತ್ತಾರೆ. ಬೆರಕೆ ಸೊಪ್ಪು ಕೀಳುತ್ತಾರೆ. ಅಣ್ಣೆ ಸೊಪ್ಪು, ಗಣಕೆ, ಹೊನಗೊನೆ, ಕೊಮ್ಮೆ, ಗೋಣಿ, ಕಿರಕಸಾಲೆ, ಎಳೆ ತುಂಬೆ. ಒಂದೊಂದರಲ್ಲಿ ಒಂದೊಂದು ಹಿಡಿ, ಬೇರು ಸಮೇತ ಯಾವುದನ್ನೂ ಕೀಳುವುದಿಲ್ಲ. "ತುದಿ ಚಿವುಟಿದ್ರೆ ಮತ್ತೆ ಒಡಿತದೆ ಕಣವ್ವ, ಬುಡ ಕಿತ್ರೆ ಮುಂದಿನ್ ವಾರಕ್ಕೆ ಏನ್ ಮಾಡ್ಲಿ?" ಅಂದರು ಒಂದು ಸಲ. ಸ್ವಲ್ಪ ಮನೆಗೆ, ಸ್ವಲ್ಪ ಸಂತೆಯ ಮೂಲೆಯಲ್ಲಿ ಮಾರಾಟಕ್ಕೆ. ಅವರಿಂದ ಕೊಂಡ ಸೊಪ್ಪಿನ ಉಪ್ಸಾರಿನ ರುಚಿ ಕಟ್ಟು ಕಟ್ಟಿ ಮಾರುವ ಸೊಪ್ಪಿಗೆ ಬರುವುದಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ ಇಬ್ಬರು ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಏರಿಯ ಉದ್ದಕ್ಕೂ ಕಳೆ ಔಷಧಿ ಹೊಡೆಯುತ್ತಿದ್ದರು. ಮೂಗಿಗೆ ಬಟ್ಟೆ ಕೂಡ ಇರಲಿಲ್ಲ. ಬೋರ್ಡ್ ಇಲ್ಲ, ಹಗ್ಗ ಕಟ್ಟಿಲ್ಲ. ಔಷಧಿ ಹೊಡೆದ ದಿನ ಗಿಡ ಹಸಿರಾಗಿಯೇ ಕಾಣುತ್ತದೆ. ಹಳದಿಯಾಗಲು ಕೆಲವು ದಿನ ಬೇಕು. ಮಾರನೆಯ ದಿನ ಅಜ್ಜಿ ಬಂದರು. ಮಡಿಲು ಅರ್ಧ ತುಂಬಿತ್ತು. ಓಡಿ ಹೋಗಿ ಹೇಳಿದೆ. ಅವರು ಒಂದು ಮಾತೂ ಆಡದೆ ಮಡಿಲನ್ನು ಅಲ್ಲೇ ಕೊಡವಿದರು. ಆಮೇಲೆ ಏರಿಯ ಕೊನೆಯವರೆಗೂ ನೋಡಿ, "ಎಲ್ಲಕ್ಕೂ ಹೊಡ್ದವ್ರಾ?" ಅಂತ ಕೇಳಿದರು. ಎಲ್ಲಕ್ಕೂ ಹೊಡೆದಿದ್ದರು. ನಾನು ಆ ದಿನ ಆ ಹೊತ್ತಿಗೆ ಹೋಗದೇ ಇದ್ದಿದ್ದರೆ? ಆ ಸೊಪ್ಪು ಯಾರ ಮನೆಯ ಪಾತ್ರೆಗೆ ಹೋಗುತ್ತಿತ್ತು? ಸ್ವಾಮಿ, ಇಡೀ ಪತ್ರದಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ. ಜನ ಓಡಾಡುವ, ಸೊಪ್ಪು ಕೀಳುವ, ದನ ಮೇಯುವ ದಾರಿಯಲ್ಲಿ ಕಳೆ ಔಷಧಿ ಹೊಡೆಯುವುದನ್ನು ನಿಲ್ಲಿಸಿ. ಸಂಕ್ರಾಂತಿಯವರೆಗೆ ಅಲ್ಲ, ಪೂರ್ತಿಯಾಗಿ ನಿಲ್ಲಿಸಿ.

ಇಷ್ಟೆಲ್ಲ ಮಾಡಿದ ಮೇಲೆ ದಾರಿ ಸ್ವಚ್ಛವಾಗಿ ಉಳಿಯಿತೇ? ಇಲ್ಲ. ಕೆರೆದ ಮಣ್ಣಿನಲ್ಲಿ ಮೊದಲು ತಲೆ ಎತ್ತಿದ್ದು ಕಾಂಗ್ರೆಸ್ ಗಿಡ. ಪಾರ್ಥೇನಿಯಂಗೆ ಬೇಕಾಗಿರುವುದೇ ಬರಿದಾದ, ಕೆದಕಿದ ನೆಲ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ತುಂಬೆ, ಗರಿಕೆ, ಅಣ್ಣೆ ಒತ್ತಾಗಿ ಬೆಳೆದ ಕಡೆ ಅದಕ್ಕೆ ಅಷ್ಟು ಸುಲಭವಾಗಿ ಜಾಗ ಸಿಗುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ನಮ್ಮ ಏರಿಯ ಕೆರೆದ ಭಾಗ ಪೂರ್ತಿ ಬಿಳಿ ಹೂವಿನ ಕಾಂಗ್ರೆಸ್ ಗಿಡ. ಜೆಸಿಬಿ ತಲುಪದ ಇಳಿಜಾರಿನಲ್ಲಿ ಅದು ಅಲ್ಲೊಂದು ಇಲ್ಲೊಂದು. ನಡೆದು ನೋಡಿದ ಯಾರಿಗಾದರೂ ಈ ವ್ಯತ್ಯಾಸ ಕಾಣುತ್ತದೆ. ಈ ಗಿಡದ ಜೊತೆ ನಮ್ಮ ರಾಜ್ಯ ಹಳೆಯ ಹೋರಾಟ ಮಾಡಿದೆ. 1984ರಲ್ಲಿ ಮೆಕ್ಸಿಕೋದಿಂದ ತಂದ ಒಂದು ಬಗೆಯ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟದ್ದು ಇದನ್ನು ತಿನ್ನಲಿ ಅಂತಲೇ. ಮೈಮೇಲೆ ಬಿಳಿಚು ಹಳದಿ, ಕಂದು ಗೆರೆ ಇರುವ ಆ ಪುಟ್ಟ ಜೀರುಂಡೆ ಈಗ ಮೈಸೂರಿನಲ್ಲೂ ಮಳೆಗಾಲದಲ್ಲಿ ಸಿಗುತ್ತದೆ. ಕಳೆ ಔಷಧಿ ಹೊಡೆದರೆ ಅದರ ಊಟವೂ ಹೋಗುತ್ತದೆ.

ಈಗ ತಂಗಡಿ. ಆವರಿಕೆ ಅಂತಲೂ ಅನ್ನುತ್ತೇವೆ. ಬಂಗಾರದ ಬಣ್ಣದ ಹೂ, ಯಾರೂ ನೀರು ಹಾಕಬೇಕಾಗಿಲ್ಲ. ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ ಅದರ ಪಕ್ಕ ಸುಮ್ಮನೆ ಎರಡು ನಿಮಿಷ ನಿಲ್ಲಿ. ಕರಿ ದುಂಬಿ ಬರುತ್ತದೆ. ಹಾರುವಾಗ ಒಂದು ದನಿ, ಹೂವಿನ ಮೇಲೆ ಕೂತಾಗ ಇನ್ನೊಂದು ದನಿ. ಎರಡನೆಯದು ಸ್ವಲ್ಪ ಜೋರು, ತುಂಡು ತುಂಡು. ಮೊದಲು ನನಗೆ ಅರ್ಥವಾಗಿರಲಿಲ್ಲ. ತಂಗಡಿ ಹೂವಿನಲ್ಲಿ ಮಕರಂದ ಇಲ್ಲ. ಇರುವುದು ಪರಾಗ ಮಾತ್ರ, ಅದೂ ಕೇಸರದ ಒಳಗೆ, ಹೊರಗೆ ಬರಲು ತುದಿಯಲ್ಲಿ ಒಂದು ಸಣ್ಣ ತೂತು. ದುಂಬಿ ಹೂವನ್ನು ತಬ್ಬಿ ಹಿಡಿದು, ರೆಕ್ಕೆ ಬಡಿಯದೆ, ಮೈಯನ್ನೇ ನಡುಗಿಸುತ್ತದೆ. ಆಗ ಪರಾಗ ಜಲ್ಲನೆ ಉದುರುತ್ತದೆ. ಬದನೆ, ಟೊಮೆಟೊ ಹೂಗಳೂ ಇದೇ ತರಹ. ನಮ್ಮ ಮನೆಯ ಹಿಂದಿನ ನಾಲ್ಕು ಬದನೆ ಗಿಡಕ್ಕೆ ಬರುವ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ದುಂಬಿಯನ್ನು ಏರಿಯ ಮೇಲೂ ನೋಡಿದ್ದೇನೆ. ಬದನೆ ಹೂ ಬಿಡದ ದಿನಗಳಲ್ಲಿ ಅದಕ್ಕೆ ಊಟ ಹಾಕುವುದು ದಾರಿಯಂಚಿನ ಹೂಗಳು.

ನಮ್ಮಲ್ಲಿ ಹೆಚ್ಚಿನವರು ನಡೆಯುವುದು ಬೆಳಿಗ್ಗೆ. ಅದರಿಂದ ಒಂದು ಹೂ ನಮಗೆ ಕಾಣುವುದೇ ಇಲ್ಲ. ಅದು ಶ್ರೀಮುದ್ರೆ ಗಿಡದ ಹೂ. ತುತ್ತಿ ಅಂತಲೂ ಕರೆಯುತ್ತಾರೆ. ಬೆಳಿಗ್ಗೆ ಬಂದವರಿಗೆ ಅದು ಬರೀ ಬೂದು ಹಸಿರಿನ ಎಲೆ. ಮಧ್ಯಾಹ್ನ ಕಳೆದ ಮೇಲೆ ಹಳದಿ ಹೂ ಒಂದೊಂದಾಗಿ ಬಿಚ್ಚುತ್ತದೆ. ಕಾಯಿ ಚಕ್ರದ ಹಾಗೆ ಇರುತ್ತದೆ. ಚಿಕ್ಕವರಿದ್ದಾಗ ಅದನ್ನು ಶಾಯಿಯಲ್ಲಿ ಅದ್ದಿ ಪುಸ್ತಕದ ಮೇಲೆಲ್ಲ ಮುದ್ರೆ ಒತ್ತುತ್ತಿದ್ದೆವು. ಮೊನ್ನೆ ತಂಗಿಯ ಮಗನಿಗೆ ಸ್ಟಾಂಪ್ ಪ್ಯಾಡಿನಲ್ಲಿ ಅದನ್ನೇ ಮಾಡಿ ತೋರಿಸಿದೆ. "ದೊಡ್ಡಮ್ಮ, ಇದು ಎಲ್ಲಿ ಸಿಗುತ್ತೆ?" ಅಂತ ಕೇಳಿದ. ಅಂಗಡಿಯಲ್ಲಿ ಅಂತ ಅಂದುಕೊಂಡಿದ್ದ.

ಹಕ್ಕಿಗಳ ಬಗ್ಗೆ ಬರೆಯುವವರು ನಮ್ಮ ಊರಿನಲ್ಲಿ ಬಹಳ ಜನ ಇದ್ದಾರೆ. ನನಗಿಂತ ಚೆನ್ನಾಗಿ ಬಲ್ಲವರು. ನಾನು ಎರಡೇ ಮಾತು ಹೇಳುತ್ತೇನೆ. ಗೀಜಗ ಗೂಡು ಕಟ್ಟುವುದು ಮಳೆಗಾಲದಲ್ಲಿ. ಗಂಡು ಉದ್ದ ಹುಲ್ಲಿನ ಎಲೆಗೆ ಕೊಕ್ಕಿನಲ್ಲಿ ಸಣ್ಣ ಕಚ್ಚು ಹಾಕಿ, ಹಾರುತ್ತಲೇ ಪಟ್ಟಿ ಎಳೆದುಕೊಂಡು ಹೋಗುತ್ತದೆ. ಅರ್ಧ ಗೂಡು ಕಟ್ಟಿ ಹೆಣ್ಣಿಗಾಗಿ ಕಾಯುತ್ತದೆ. ಹೆಣ್ಣು ಬಂದು ಒಪ್ಪಿದರೆ ಮಿಕ್ಕರ್ಧ. ಜುಲೈನಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಓಡಿಸಿದರೆ ಆ ಪಟ್ಟಿ ಎಲ್ಲಿಂದ ಬರಬೇಕು? ರಾಟವಾಳಗಳ ಗುಂಪು ಹುಲ್ಲಿನ ತೆನೆಗೆ ಜೋತುಬಿದ್ದು ಬೀಜ ತಿನ್ನುತ್ತದೆ. ತೆನೆ ಬರುವ ಮುಂಚೆಯೇ ಕತ್ತರಿಸಿದ ಹುಲ್ಲು ನಮಗೆ ಹಸಿರಾಗಿ ಕಾಣಬಹುದು. ಅವಕ್ಕೆ ಅದು ಖಾಲಿ ಕಣಜ. ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನಾವು ಚಳಿಗಾಲದಲ್ಲಿ ಹದಿನಾರು ಅನ್ನುವ ಊರಿನ ಕೆರೆಗೆ ಕಾರು ಮಾಡಿಕೊಂಡು ಹೋಗುತ್ತೇವೆ. ಹೋಗಲೇಬೇಕು, ನಾನೂ ಹೋಗಿದ್ದೇನೆ, ಕಣ್ಣು ತುಂಬಿ ಬಂದಿತ್ತು. ಮನೆಯಿಂದ ಐದು ನಿಮಿಷದ ದೂರದಲ್ಲಿರುವ ರಾಟವಾಳಕ್ಕೂ ಒಂದು ಚೂರು ಜಾಗ ಬಿಡಿ ಅನ್ನುವುದಷ್ಟೇ ನನ್ನ ಕೋರಿಕೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ದಾರಿಯ ಎರಡೂ ಬದಿ ಒಂದು ಗಜದಷ್ಟು ಅಗಲವನ್ನು ಕೈಯಿಂದಲೋ ಮೆಷಿನ್‌ನಿಂದಲೋ ಗಿಡ್ಡಗೆ ಕತ್ತರಿಸಿಕೊಳ್ಳಿ. ಕತ್ತರಿಸಿ, ಕೆರೆಯಬೇಡಿ. ಬೇರು, ಮಣ್ಣು ಇದ್ದಲ್ಲೇ ಇರಲಿ. ಅದರಾಚೆಯದನ್ನು ಮುಂಗಾರು ಶುರುವಾದಾಗಿನಿಂದ ಸಂಕ್ರಾಂತಿಯವರೆಗೆ ಮುಟ್ಟಬೇಡಿ. ಸಂಕ್ರಾಂತಿ ಅನ್ನಲು ಕಾರಣ ಇದೆ. ಮಳೆಗೆ ಹುಟ್ಟಿದ ಈ ಪುಟ್ಟ ಗಿಡಗಳಲ್ಲಿ ಬಹುಪಾಲು ಅಷ್ಟು ಹೊತ್ತಿಗೆ ಬೀಜ ಉದುರಿಸಿ ಒಣಗಿರುತ್ತವೆ. ನನ್ನ ಆರೂ ಕ್ಯಾಲೆಂಡರುಗಳಲ್ಲಿ ತುಂಬೆ, ಅಣ್ಣೆ, ವಿಷ್ಣುಕ್ರಾಂತಿಯ ಹೂಗಳ ಜಾತ್ರೆ ಆಗಸ್ಟ್‌ನಿಂದ ನವೆಂಬರ್‌ವರೆಗೆ. ಜನವರಿಯ ಎರಡನೇ ವಾರ ಕಳೆದ ಮೇಲೆ ಬೇಕಾದರೆ ಒಣ ಹುಲ್ಲು ಕೊಯ್ದುಕೊಳ್ಳಿ. ಬೇಸಿಗೆಗೆ ಬೆಂಕಿ ಬೀಳುವ ಭಯವೂ ತಪ್ಪುತ್ತದೆ. ಕಾಂಗ್ರೆಸ್ ಗಿಡ, ಲಂಟಾನ ಇವನ್ನು ಮಾತ್ರ ಹೂ ಬಿಡುವ ಮುಂಚೆ ಕಂಡಲ್ಲಿ ಕಿತ್ತು ಹಾಕಿ. ಕೈಗೆ ಗ್ಲೌಸ್ ಕೊಡಿ, ಕಾಂಗ್ರೆಸ್ ಗಿಡದಿಂದ ಚರ್ಮ ಕೆರೆತ ಬರುತ್ತದೆ. ಆ ದಿನ ಕೆಲಸದವರ ಜೊತೆ ನಾವೂ ಬರುತ್ತೇವೆ. ನಮ್ಮ ಬೆಳಗಿನ ಗುಂಪಿನಲ್ಲಿ ಹನ್ನೆರಡು ಜನ ಇದ್ದೇವೆ.

ಈ ಮಾತು ಆಡಿದರೆ ಮೊದಲು ಬರುವ ಪ್ರಶ್ನೆ ಹಾವಿನದು. ಆ ಭಯ ಸುಳ್ಳಲ್ಲ. ಕೊಳಕುಮಂಡಲ ಹುಲ್ಲಿನಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ದಾರಿ ಪಕ್ಕ ಗಿಡ್ಡ ಹುಲ್ಲಿನ ಅಂಚು ಇರಲಿ ಅಂದದ್ದು. ಕತ್ತಲಲ್ಲಿ ನಡೆಯುವವರು ಟಾರ್ಚ್ ಹಿಡಿಯಲಿ. ಆದರೆ ಹಾವು ಬರುವುದು ಹೂವಿಗಲ್ಲ, ಇಲಿಗೆ. ಇಲಿ ಬರುವುದು ನಾವು ಏರಿಯ ಕೆಳಗೆ ಎಸೆಯುವ ಅನ್ನ, ಬ್ರೆಡ್ಡು, ಹೋಟೆಲ್ ಕಸಕ್ಕೆ. ಆರು ವರ್ಷದಲ್ಲಿ ನಾನು ಹೆಚ್ಚಾಗಿ ಕಂಡದ್ದು ಕೇರೆ ಹಾವು. ಅದು ಕಚ್ಚಿದರೂ ವಿಷ ಇಲ್ಲ, ಇಲಿ ತಿಂದು ಉಪಕಾರ ಮಾಡುತ್ತದೆ. ಇನ್ನು ಸೊಳ್ಳೆ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ತೆಂಗಿನ ಚಿಪ್ಪು, ಟೈರು, ಪ್ಲಾಸ್ಟಿಕ್ ಲೋಟದಲ್ಲಿ ನಿಂತ ನೀರಿನಲ್ಲಿ. ತುಂಬೆ ಗಿಡದಲ್ಲಿ ಅಲ್ಲ. ಗಿಡ ಕೆರೆಯುವ ದುಡ್ಡಿನಲ್ಲಿ ಈ ಕಸ ಎತ್ತಿಸಿದರೆ ಎರಡೂ ಭಯಕ್ಕೆ ಪರಿಹಾರ ಸಿಗುತ್ತದೆ.

ಇನ್ನೊಂದು ವಿಷಯ ಅಧಿಕಾರಿಗಳಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಊರಿನ ಜನರನ್ನು ಕೇಳಿಕೊಂಡು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ನನ್ನ ವಿನಂತಿ ಏನೆಂದರೆ, ಆ ಪುಸ್ತಕದಲ್ಲಿ ದಾರಿಯಂಚಿಗೂ ಒಂದು ಪುಟ ಇರಲಿ. ಅದನ್ನು ಬರೆಯುವಾಗ ಮೊದಲು ನಮ್ಮ ಸೊಪ್ಪಿನ ಅಜ್ಜಿಯನ್ನು ಕೇಳಿ. ಯಾವ ಮಳೆಗೆ ಯಾವ ಸೊಪ್ಪು, ಯಾವುದನ್ನು ಬಾಣಂತಿಗೆ ಕೊಡಬೇಕು, ಯಾವುದು ಈಗ ಸಿಗುತ್ತಿಲ್ಲ, ಎಲ್ಲ ಅವರ ಬಾಯಲ್ಲೇ ಇದೆ. ಈ ಊರಿನವರಿಗೆ ಇಂಥ ಕೆಲಸ ಹೊಸದಲ್ಲ. 2014ರಿಂದ 2016ರವರೆಗೆ ಇಲ್ಲಿನ ಹಕ್ಕಿ ಪ್ರಿಯರು ನಗರವನ್ನು ಚೌಕ ಚೌಕವಾಗಿ ಹಂಚಿಕೊಂಡು, ಬೀದಿ ಬೀದಿ ನಡೆದು, ಮೈಸೂರಿನ ಹಕ್ಕಿಗಳ ನಕ್ಷೆ ಮಾಡಿದರು. ಹಾಗೇ ಹೂಗಳದ್ದೂ ಮಾಡಬಹುದು ಅಲ್ವಾ?

ನಡೆಯುವ ಗೆಳೆಯರಿಗೂ ಎರಡು ಮಾತು. ದಾರಿಯಂಚು ಸ್ವಲ್ಪ ಬೆಳೆದರೆ ಸಾಕು, ಫೋಟೋ ತೆಗೆದು ದೂರು ಹಾಕುವವರು ನಾವೇ. "ಪೊದೆ ಬೆಳೆದಿದೆ, ಯಾರೂ ಕೇಳೋರಿಲ್ಲ" ಅಂತ. ನಾನೂ ಮೊದಲ ವರ್ಷ ಅಂಥ ಒಂದು ಅರ್ಜಿಗೆ ಸಹಿ ಹಾಕಿದ್ದೆ. ಆ ದೂರುಗಳಿಂದಲೇ ಜೆಸಿಬಿ ಬರುವುದು. ದೂರು ಕೊಡುವ ಮುಂಚೆ ಒಂದು ವಾರ ಆ ಪೊದೆಯನ್ನು ನೋಡಿ. ಮೊಬೈಲಿನಲ್ಲಿ ಐನ್ಯಾಚುರಲಿಸ್ಟ್ ತರಹದ ಆ್ಯಪ್ ಇವೆ, ಫೋಟೋ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ಮಳೆಗಾಲದಲ್ಲಿ ಪಕ್ಕದ ಪೊದೆಗಳನ್ನೂ ನೋಡುತ್ತಾ ಹೋಗಿ. ಅಗ್ನಿಶಿಖೆ ಸಿಕ್ಕಬಹುದು. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿದು ಹತ್ತುವ ಬಳ್ಳಿ, ಹಳದಿಯಿಂದ ಕೆಂಪಿಗೆ ತಿರುಗುವ ಬೆಂಕಿಯ ನಾಲಿಗೆಯಂಥ ಎಸಳು. ಮಲೆನಾಡಿನವರು ಗೌರಿ ಹೂ ಅನ್ನುತ್ತಾರೆ. ಕೀಳಬೇಡಿ. ಗೆಡ್ಡೆಯಂತೂ ಕಡು ವಿಷ.

ಜೆಸಿಬಿ ಕೆರೆದ ಜಾಗದಲ್ಲಿ ಎಕ್ಕ ಮತ್ತೆ ಚಿಗುರಿದೆ. ಬೇರು ಆಳದಲ್ಲಿ ಉಳಿದಿತ್ತು ಅಂತ ಕಾಣುತ್ತದೆ. ಈಗ ನನ್ನ ಮೊಣಕಾಲಿನಷ್ಟು ಎತ್ತರ ಇದೆ. ನಿನ್ನೆ ಒಂದು ಕಿತ್ತಳೆ ಚಿಟ್ಟೆ ಎರಡು ಸುತ್ತು ಹಾಕಿ, ಎಲೆಯಡಿ ಹೊಟ್ಟೆ ಬಗ್ಗಿಸಿ ಕೂತಿತ್ತು. ಹೋದ ಮೇಲೆ ಎಲೆ ಎತ್ತಿ ನೋಡಿದೆ. ಬಿಳಿ ಮೊಟ್ಟೆ, ರಾಗಿ ಕಾಳಿಗಿಂತ ಚಿಕ್ಕದು, ಒಂದೇ ಒಂದು. ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ಇನ್ನು ಒಂದು ತಿಂಗಳು ಬೇಕು. ನಿಮ್ಮಲ್ಲಿ ಯಾರಾದರೂ ಬಂದು ನೋಡುವುದಾದರೆ ನಾನೇ ಜೊತೆಗೆ ಬಂದು ತೋರಿಸುತ್ತೇನೆ. ಸಂಜೆ ನಾಲ್ಕರ ಮೇಲೆ ಬಂದರೆ ಶ್ರೀಮುದ್ರೆ ಹೂವೂ ಅರಳಿರುತ್ತದೆ.

ಇತಿ,
ಕೆರೆ ಏರಿಯ ಮೇಲೆ ದಿನಾ ನಡೆಯುವ ಒಬ್ಬಳು
ಮೈಸೂರು